ಫಾರ್ಮಿನಲ್ಲಿ ಮಗುವಿಗೂ ಒಂದು ಕಾಲಂ ಇರಲಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡೋ ನಮ್ಮಂಥವರಿಗೆ ವಲಸೆ ಕಾನೂನಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ವಾರ್ಡಿನ ಹೆಸರು ಗೊತ್ತಿಲ್ಲದಿದ್ದರೂ ಎಚ್-1ಬಿ ಲಾಟರಿ ಯಾವಾಗ ಅನ್ನೋದು ಗೊತ್ತು. ಪ್ರಯಾರಿಟಿ ಡೇಟ್ ಅಂದರೇನು, ಐ-140 ಆದಮೇಲೆ ಏನು, ಬ್ರಿಟನ್ನಿನಲ್ಲಿ ಎಷ್ಟು ವರ್ಷಕ್ಕೆ ಐಎಲ್‌ಆರ್ ಸಿಗುತ್ತೆ, ಇದನ್ನೆಲ್ಲ ಕೆಫೆಟೇರಿಯಾದಲ್ಲಿ ಅನ್ನ ಸಾರಿನ ಜೊತೆ ಕಲಸಿಕೊಂಡು ತಿಂದಿದ್ದೇವೆ. ಪ್ರತಿ ಟೀಮಿನಲ್ಲೂ ಆನ್‌ಸೈಟ್ ಹೋಗಿ ಬಂದವರು ಇಬ್ಬರಾದರೂ ಇರುತ್ತಾರೆ, ಅಲ್ಲೇ ಉಳಿದ ಕಸಿನ್ ಒಬ್ಬನಾದರೂ ಇರುತ್ತಾನೆ.

ಹಾಗಾಗಿ ಎಚ್-4 ಮಕ್ಕಳ ಕಷ್ಟ ನಮಗೆ ಹೊಸದಲ್ಲ. ಅಪ್ಪನೋ ಅಮ್ಮನೋ ಎಚ್-1ಬಿ ಮೇಲೆ ಅಮೆರಿಕಕ್ಕೆ ಹೋದಾಗ ಮಗು ಎಚ್-4 ಮೇಲೆ ಜೊತೆಗೆ ಹೋಗುತ್ತದೆ. ಆ ಮಗುವಿಗೆ 21 ತುಂಬಿದರೆ ಅವಲಂಬಿತ ಅನ್ನೋ ಹಣೆಪಟ್ಟಿ ಹೋಯಿತು, ವೀಸಾನೂ ಹೋಯಿತು. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದಿರಬೇಕಿತ್ತು. ಆದರೆ ಒಂದೊಂದು ದೇಶಕ್ಕೆ 7% ಮಾತ್ರ ಅಂತ 1990ರಲ್ಲಿ ಮಾಡಿದ ಕಾನೂನಿನಿಂದಾಗಿ ನಮ್ಮವರ ಸಾಲು ದಶಕಗಟ್ಟಲೆ ಉದ್ದ. ಮೂರು ವರ್ಷದವಳಿದ್ದಾಗ ಹೋಗಿ, ಟೆಕ್ಸಾಸ್‌ನಲ್ಲೇ ಓದಿ ಬೆಳೆದ ಹುಡುಗಿಗೆ ಕಾಲೇಜಿನ ಮಧ್ಯದಲ್ಲಿ ನಿನ್ನ ದೇಶಕ್ಕೆ ನೀನು ಹೋಗಮ್ಮ ಅಂತಾರೆ. ಅವಳಿಗೆ ಆ ‘ನಿನ್ನ ದೇಶ’ದಲ್ಲಿ ಅಜ್ಜಿ ಮನೆಯ ಹೊರತು ಏನೂ ಗೊತ್ತಿಲ್ಲ.

ಇದನ್ನು ಕೇಳಿದಾಗ ನಾವೆಲ್ಲ ಒಂದೇ ಪ್ರಶ್ನೆ ಕೇಳುತ್ತೇವೆ: ಆ ಮಗು ಏನು ತಪ್ಪು ಮಾಡಿದೆ? ಪ್ರಶ್ನೆ ಸರಿಯಾಗಿಯೇ ಇದೆ. ನನ್ನ ತಕರಾರು ಇರೋದು ಇಷ್ಟೇ. ಈ ಪ್ರಶ್ನೆಗೆ ನಾವು ಪಾಸ್‌ಪೋರ್ಟ್ ಮಾಡಿಸಿ ಹೊರದೇಶಕ್ಕೆ ಮಾತ್ರ ಕಳಿಸಿದ್ದೇವೆ. ನಮ್ಮ ಟೆಕ್ ಪಾರ್ಕಿನ ಹಿಂದಿನ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ್ ಕೆಳಗೆ ಇರೋ ಮಗುವಿನ ವಿಷಯದಲ್ಲಿ ಅದನ್ನು ನಾವೂ ಕೇಳೋದಿಲ್ಲ, ಪೊಲೀಸರೂ ಕೇಳೋದಿಲ್ಲ, ಕಾನೂನೂ ಕೇಳು ಅಂತ ಒತ್ತಾಯ ಮಾಡೋದಿಲ್ಲ.

2020ರ ಜನವರಿ ನೆನಪು ಮಾಡಿಕೊಳ್ಳಿ. ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ. ಸುತ್ತ ದೊಡ್ಡ ಅಪಾರ್ಟ್‌ಮೆಂಟ್‌ಗಳು, ಮಧ್ಯೆ ಖಾಸಗಿ ಜಾಗದಲ್ಲಿ ತಗಡಿನ ಶೆಡ್‌ಗಳು. ಅಲ್ಲಿದ್ದವರು ಮನೆಗೆಲಸ, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗಾರೆ ಕೆಲಸ ಮಾಡುವವರು. ಇವರೆಲ್ಲ ಅಕ್ರಮ ಬಾಂಗ್ಲಾದೇಶಿಗಳು ಅಂತ ಒಂದು ವಿಡಿಯೋ ಓಡಾಡಿತು. ಮಹದೇವಪುರದ ಆಗಿನ ಶಾಸಕರೂ ಅದನ್ನು ಟ್ವೀಟ್ ಮಾಡಿದರು. ಬಾಂಗ್ಲಾದವರಿಗೆ ಜಾಗ ಕೊಟ್ಟಿದ್ದೀಯ ಅಂತ ಪೊಲೀಸರು ಜಾಗದ ಮಾಲೀಕರಿಗೆ ನೋಟಿಸ್ ಕೊಟ್ಟರು. ಕರೆಂಟು ನೀರು ಹೋಯಿತು, ಆಮೇಲೆ ಜೆಸಿಬಿ ಬಂತು. ಶೆಡ್‌ಗಳು ನೆಲಕ್ಕೆ ಬಿದ್ದ ಮೇಲೆ ಜನ ತಮ್ಮ ತಮ್ಮ ಕಾರ್ಡುಗಳನ್ನು ಕ್ಯಾಮೆರಾ ಮುಂದೆ ಹಿಡಿದರು. ಅಸ್ಸಾಂ, ತ್ರಿಪುರ, ಬಂಗಾಳ, ಬಿಹಾರ. ಅವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರು! ಅಚ್ಚಕನ್ನಡದಲ್ಲಿ ಬೈಯುತ್ತಿದ್ದ ಹೆಂಗಸರನ್ನು ಟಿವಿಯಲ್ಲಿ ನೋಡಿದವರು ಯಾರೂ ಮರೆತಿರಲಾರರು.

ಪಿಯುಸಿಎಲ್ ಸಂಘಟನೆ ಹೈಕೋರ್ಟಿಗೆ ಹೋಯಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರ ಪೀಠ ಪೊಲೀಸರ ಕ್ರಮಕ್ಕೆ ಕಾನೂನಿನ ಆಧಾರ ಎಲ್ಲಿದೆ ಅಂತ ಕೇಳಿತು, ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಒಳ್ಳೆಯದಾಯಿತು. ಆದರೆ ಆ ಚರ್ಚೆ ಪೂರ್ತಿ ನಿಂತಿದ್ದು ‘ಅವರು ಭಾರತೀಯರು, ಅದಕ್ಕೆ ತಪ್ಪು’ ಅನ್ನೋ ಒಂದೇ ಕಾಲಿನ ಮೇಲೆ. ಒಂದು ಪಕ್ಷ ಅಲ್ಲಿ ಹತ್ತು ಮನೆ ನಿಜವಾಗಿ ಬಾಂಗ್ಲಾದವರದ್ದೇ ಆಗಿದ್ದರೆ? ಆ ಹತ್ತು ಮನೆಯ ಮಕ್ಕಳ ಪುಸ್ತಕದ ಚೀಲ ಜೆಸಿಬಿ ಕೆಳಗೆ ಹೋಗಿದ್ದು ಸರಿ ಅಂತ ಆಗಿಬಿಡುತ್ತಿತ್ತಾ?

ಇದು ಬರೀ ಊಹೆಯ ಪ್ರಶ್ನೆಯೂ ಅಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, 2019ರ ಅಕ್ಟೋಬರಿನಲ್ಲಿ, ಬೆಂಗಳೂರು ಪೊಲೀಸರು ಇದೇ ಪೂರ್ವ ಭಾಗದಲ್ಲಿ ಕಾರ್ಯಾಚರಣೆ ಮಾಡಿ ಅರವತ್ತರಷ್ಟು ಜನರನ್ನು ಹಿಡಿದಿದ್ದರು. ಅದರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ನವೆಂಬರಿನಲ್ಲಿ ಅವರನ್ನು ರೈಲು ಹತ್ತಿಸಿ, ಪೊಲೀಸ್ ಕಾವಲಿನಲ್ಲಿ ಹೌರಾಕ್ಕೆ, ಅಲ್ಲಿಂದ ಗಡಿಯ ಕಡೆಗೆ ಕಳಿಸಿದರು. ಆ ರೈಲಿನಲ್ಲಿದ್ದ ಮಕ್ಕಳಲ್ಲಿ ಎಷ್ಟು ಜನ ಇಲ್ಲೇ ಹುಟ್ಟಿದ್ದರು? ಯಾವ ಕ್ಲಾಸಿನಲ್ಲಿದ್ದರು? ಆ ಕಡೆ ಅವರನ್ನು ಕರೆದುಕೊಳ್ಳೋಕೆ ಯಾರಿದ್ದರು? ಇದನ್ನು ಯಾವುದಾದರೂ ಅಧಿಕಾರಿ ಬರೆದಿಡಲೇಬೇಕು ಅಂತ ನಿಯಮ ಇರಲಿಲ್ಲ. ಈಗಲೂ ಇಲ್ಲ.

ಇನ್ನು ಪೀಣ್ಯ ದಾಟಿ ನೆಲಮಂಗಲದ ಕಡೆ ಹೋದರೆ ಸೊಂಡೆಕೊಪ್ಪ. 2019ರ ಕೊನೆಯಲ್ಲಿ ವಿದೇಶಿಯರನ್ನು ಇರಿಸುವ ಕೇಂದ್ರ ಅಂತ ಅಲ್ಲೊಂದು ಕಟ್ಟಡ ಸಿದ್ಧವಾಯಿತು. ಎತ್ತರದ ಕಾಂಪೌಂಡು, ಮುಳ್ಳುತಂತಿ, ಕಾವಲು ಗೋಪುರ. ಅದಕ್ಕೂ ಮುಂಚೆ ಅದು ಏನಾಗಿತ್ತು ಗೊತ್ತಾ? ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ಹಾಸ್ಟೆಲ್. ಹಳ್ಳಿಯಿಂದ ಬಂದು ಬಿಇ ಮಾಡಿದ ನಮ್ಮ ಬ್ಯಾಚಿನ ಎಷ್ಟೋ ಹುಡುಗರು ಓದಿದ್ದು ಇಂಥ ಹಾಸ್ಟೆಲ್‌ಗಳ ಮುದ್ದೆ ಸಾರು ತಿಂದೇ. ಮಕ್ಕಳು ಸಾಲದೆ ಮುಚ್ಚಿದ ಹಾಸ್ಟೆಲ್ಲಿಗೆ ಮುಳ್ಳುತಂತಿ ಹಾಕೋಕೆ ನಮ್ಮ ಸರ್ಕಾರಕ್ಕೆ ದುಡ್ಡು ಸಿಕ್ಕಿತು.

ಈಗ ಕಾನೂನಿಗೆ ಬರೋಣ. 1955ರಲ್ಲೇ ನಮ್ಮ ಸುಪ್ರೀಂ ಕೋರ್ಟ್, ಜರ್ಮನಿಯ ಹಾನ್ಸ್ ಮುಲ್ಲರ್ ಎಂಬಾತನ ಪ್ರಕರಣದಲ್ಲಿ, ವಿದೇಶಿಯನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಹೆಚ್ಚುಕಮ್ಮಿ ಲಗಾಮೇ ಇಲ್ಲ ಅಂತ ಹೇಳಿತು. 1991ರಲ್ಲಿ ಬೆಲ್ಜಿಯಂನ ಪಾದ್ರಿಯೊಬ್ಬರ ಪ್ರಕರಣದಲ್ಲೂ ಅದನ್ನೇ ಎತ್ತಿಹಿಡಿಯಿತು. 1946ರ ಫಾರಿನರ್ಸ್ ಆ್ಯಕ್ಟ್ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ. ನಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡೋ ಹೊರೆ ಆಗಲೂ ಆ ವ್ಯಕ್ತಿಯ ಮೇಲೇ ಇತ್ತು, ಈಗಲೂ ಅವನ ಮೇಲೇ ಇದೆ. ಬ್ರಿಟನ್ನಿನಲ್ಲಿ ಇರುವಂಥ ವಲಸೆ ಮೇಲ್ಮನವಿ ಟ್ರಿಬ್ಯುನಲ್ ನಮ್ಮಲ್ಲಿಲ್ಲ. ಹೈಕೋರ್ಟಿಗೆ ರಿಟ್ ಹಾಕಬೇಕು. ವೈಟ್‌ಫೀಲ್ಡಿನಲ್ಲಿ ಒಣಕಸ ಬೇರ್ಪಡಿಸಿ ದಿನದ ಕೂಲಿ ಎಣಿಸೋ ಅಪ್ಪ ಅಮ್ಮ, ರೈಲು ಹೊರಡೋ ಮುಂಚೆ, ವಕೀಲರನ್ನು ಹಿಡಿದು ರಿಟ್ ಹಾಕಬೇಕು. ಆಗುತ್ತಾ?

ಪೌರತ್ವ ಕಾನೂನಿನ ತಮಾಷೆಯನ್ನೂ ನೋಡಿ. 1987ರ ಜುಲೈಗೆ ಮುಂಚೆ ಭಾರತದಲ್ಲಿ ಹುಟ್ಟಿದರೆ ಸಾಕಿತ್ತು, ಭಾರತೀಯ. ಆಮೇಲೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತಾಯಿತು. 2004ರ ಡಿಸೆಂಬರ್ 3ರಿಂದ ಆಚೆಗೆ, ಒಬ್ಬರು ಭಾರತೀಯರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿದ್ದರೆ ಮಗು ಭಾರತೀಯ ಅಲ್ಲ. ಅಂದರೆ ರಾಯಚೂರಿನ ಹೆಣ್ಣುಮಗಳೊಬ್ಬಳು ಮಾರತ್ತಹಳ್ಳಿಯ ಸೈಟಿನಲ್ಲಿ ಜೊತೆಗೆ ಕೆಲಸ ಮಾಡೋ, ಕಾಗದ ಇಲ್ಲದ ಬಾಂಗ್ಲಾದವನನ್ನು ಮದುವೆಯಾದಳು ಅನ್ನಿ. ಅವರ ಮಗು ಇಲ್ಲೇ ಹುಟ್ಟಿ, ಅಂಗನವಾಡಿಯಲ್ಲಿ ಅ ಆ ಇ ಈ ಕಲಿತು, ಒಂದನೇ ಕ್ಲಾಸಿಗೆ ಸೇರಿದ್ದರೂ ಕಾನೂನಿನ ಕಣ್ಣಲ್ಲಿ ಹೊರಗಿನದು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಲಿಫ್ಟಿನಲ್ಲಿ ‘ಕನ್ನಡ್ ಗೊತ್ತಿಲ್ಲ ಅಂಕಲ್’ ಅಂತಿರುವಾಗ ಆ ಮಗು ಸರ್ಕಾರಿ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿರುತ್ತದೆ.

ಹೊರಗಿನವರು ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡೋಣ, ಯಾಕಂದರೆ ನಾವೆಲ್ಲ ಹೋಗಬೇಕು ಅಂತ ಕನಸು ಕಾಣೋ ದೇಶಗಳೇ ಅವು.

ಕೆನಡಾ. ಮೇವಿಸ್ ಬೇಕರ್ ಜಮೈಕಾದಿಂದ 1981ರಲ್ಲಿ ಬಂದ ಹೆಂಗಸು. ವೀಸಾ ಅವಧಿ ಮುಗಿದರೂ ಹೋಗಲಿಲ್ಲ, ವರ್ಷಗಟ್ಟಲೆ ಮನೆಗೆಲಸ ಮಾಡಿಕೊಂಡಿದ್ದಳು. ಅಲ್ಲೇ ನಾಲ್ಕು ಮಕ್ಕಳಾದವು. ಗಡೀಪಾರು ಆದೇಶ ಬಂತು. ಅಧಿಕಾರಿಯ ಟಿಪ್ಪಣಿಯಲ್ಲಿ ಆಕೆ ದೇಶಕ್ಕೆ ಹೊರೆ ಅನ್ನೋ ತಿರಸ್ಕಾರ ತುಂಬಿತ್ತು, ಮಕ್ಕಳ ಗತಿ ಏನು ಅನ್ನೋ ಯೋಚನೆ ಇರಲಿಲ್ಲ. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ನಿರ್ಧಾರವನ್ನು ರದ್ದು ಮಾಡಿತು. ಮಕ್ಕಳ ಹಿತವನ್ನು ಗಂಭೀರವಾಗಿ, ಕಣ್ಣು ತೆರೆದು ತೂಗದೆ ತೆಗೆದುಕೊಂಡ ನಿರ್ಧಾರ ಸಮಂಜಸ ಅಲ್ಲ ಅಂತ ಹೇಳಿತು. ನೆನಪಿರಲಿ, ಇದು ಮನೆಗೆಲಸದವಳ ಕೇಸು. ನಮ್ಮ ಗೇಟಿನಲ್ಲಿ ಬೆಳಿಗ್ಗೆ ಆ್ಯಪ್‌ನಲ್ಲಿ ಎಂಟ್ರಿ ಹಾಕಿಸಿಕೊಂಡು ಒಳಗೆ ಬರುತ್ತಾರಲ್ಲ, ಅಂಥವಳು.

ಬ್ರಿಟನ್. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ತಾಂಜಾನಿಯಾದ ತಾಯಿಯೊಬ್ಬಳ ಮೇಲ್ಮನವಿ ಬಂತು. ಅವಳೇನು ಸಾಚಾ ಅಲ್ಲ. ಮೂರು ಸಲ ಆಶ್ರಯ ಕೇಳಿ ಸೋತವಳು, ಅದರಲ್ಲಿ ಎರಡು ಸಲ ಸುಳ್ಳು ಹೆಸರಿನಲ್ಲಿ. ಆದರೆ ಅವಳ ಎರಡು ಮಕ್ಕಳು ಅಲ್ಲೇ ಹುಟ್ಟಿ ಬೆಳೆದ ಬ್ರಿಟಿಷ್ ಪ್ರಜೆಗಳು. ಲೇಡಿ ಹೇಲ್ ಬರೆದ ತೀರ್ಪಿನ ಸಾರ ಇಷ್ಟು: ಮೊದಲು ಮಕ್ಕಳ ಹಿತ ಯಾವುದು ಅಂತ ಗುರುತಿಸಿ, ಆಮೇಲೆ ಅದನ್ನು ಮೀರಿಸುವಷ್ಟು ಬಲವಾದ ಕಾರಣ ಇದೆಯಾ ನೋಡಿ, ತಾಯಿಯ ತಪ್ಪಿಗೆ ಮಕ್ಕಳನ್ನು ಹೊಣೆ ಮಾಡಬೇಡಿ. ತಾಯಿ ಗೆದ್ದಳು. ಅಲ್ಲಿನ ಕಾನೂನಿನಲ್ಲಿ ಇನ್ನೊಂದು ನಿಯಮವೂ ಇದೆ. ಮಗು ಏಳು ವರ್ಷ ಸತತವಾಗಿ ಅಲ್ಲಿದ್ದರೆ, ಅದನ್ನು ಹೊರಡು ಅನ್ನೋದು ಸಮಂಜಸವಾ ಅಂತ ಪ್ರತ್ಯೇಕವಾಗಿ ಕೇಳಲೇಬೇಕು. ಲಂಡನ್ನಿಗೆ ಹೋದ ನಮ್ಮ ಐಟಿ ಮಂದಿ ಮಗುವಿನ ಏಳು ವರ್ಷದ ಲೆಕ್ಕವನ್ನು ಎಕ್ಸೆಲ್ ಶೀಟಿನಲ್ಲಿ ಇಟ್ಟಿರುತ್ತಾರೆ.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಇವತ್ತಿಗೂ ಅಂಗೀಕರಿಸದ ಒಂದೇ ವಿಶ್ವಸಂಸ್ಥೆ ಸದಸ್ಯ ದೇಶ ಅಮೆರಿಕ. ಅಲ್ಲೂ ಹತ್ತು ವರ್ಷ ಕಾಗದವಿಲ್ಲದೆ ಇದ್ದ ಅಪ್ಪನೊಬ್ಬ ವಲಸೆ ನ್ಯಾಯಾಧೀಶರ ಮುಂದೆ ನಿಂತು, ನನ್ನನ್ನು ಕಳಿಸಿದರೆ ಅಮೆರಿಕದ ಪ್ರಜೆಯಾದ ನನ್ನ ಮಗುವಿಗೆ ಅಸಾಧಾರಣ ಕಷ್ಟವಾಗುತ್ತದೆ ಅಂತ ವಾದಿಸೋ ದಾರಿ ಕಾನೂನಿನಲ್ಲಿದೆ. ಕಷ್ಟದ ದಾರಿ, ವರ್ಷಕ್ಕೆ 4,000 ಜನರ ಮಿತಿ ಬೇರೆ. ಆದರೂ ದಾರಿ ಅಂತ ಒಂದಿದೆ.

ನಾವು? 1992ರ ಡಿಸೆಂಬರ್ 11ರಂದೇ ಆ ಒಡಂಬಡಿಕೆಗೆ ಸೇರಿದವರು. ಮಕ್ಕಳಿಗೆ ಸಂಬಂಧಿಸಿದ ಯಾವ ಕ್ರಮದಲ್ಲೂ ಮಗುವಿನ ಹಿತ ಪ್ರಮುಖ ಪರಿಗಣನೆ ಆಗಿರಬೇಕು ಅಂತ ಅದರ ಮೂರನೇ ವಿಧಿ. ನಮ್ಮ 2015ರ ಬಾಲನ್ಯಾಯ ಕಾಯ್ದೆ ಮೂರನೇ ಸೆಕ್ಷನ್ನಿನಲ್ಲಿ ಇದನ್ನೇ ಹೇಳುತ್ತದೆ. ಆ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದ ವ್ಯಕ್ತಿ. ‘ಭಾರತೀಯ ಮಗು’ ಅಂತ ಬರೆದಿಲ್ಲ. ಸಂವಿಧಾನದ 21ನೇ ವಿಧಿಯೂ ವ್ಯಕ್ತಿ ಅನ್ನುತ್ತದೆ, ಪ್ರಜೆ ಅನ್ನುವುದಿಲ್ಲ. ಅಂದರೆ ಮಾತು ಕೊಟ್ಟಾಗಿದೆ, ಕಾನೂನು ಬರೆದಾಗಿದೆ. ಗಡೀಪಾರಿನ ಫೈಲು ತೆರೆದಾಗ ಮಾತ್ರ ಅದು ನೆನಪಿಗೆ ಬರೋದಿಲ್ಲ.

ನಮ್ಮ ನ್ಯಾಯಾಲಯಗಳಿಗೆ ಮಗುವಿನ ಹಿತ ತೂಗೋಕೆ ಬರಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಒಂದು ಪ್ರಕರಣ ತೀರ್ಮಾನ ಮಾಡಿತು. ಅಮೆರಿಕದಲ್ಲಿ ಹುಟ್ಟಿದ ಹುಡುಗ. 2020ರ ಮಾರ್ಚಿನಲ್ಲಿ ತಾಯಿ ಅವನನ್ನು ಅಪ್ಪನ ಒಪ್ಪಿಗೆ ಇಲ್ಲದೆ ಬೆಂಗಳೂರಿಗೆ ಕರೆತಂದಿದ್ದಳು. ಅಪ್ಪ ಕೋರ್ಟಿಗೆ ಬಂದ. ಹುಡುಗ ಎಲ್ಲಿಯ ವಾತಾವರಣದಲ್ಲಿ ಬೆಳೆದ, ಅವನ ಪೌರತ್ವ ಯಾವುದು, ಓದು, ಮುಂದಿನ ದಾರಿ, ಎಲ್ಲ ತೂಗಿ ನೋಡಿದರು. ಮಗುವಿನ ಆಸೆ ಏನು ಅನ್ನೋದು ಬೇರೆ, ಹಿತ ಯಾವುದು ಅನ್ನೋದು ಬೇರೆ ಅಂತ ಬಿಡಿಸಿ ಹೇಳಿದರು. ಕೊನೆಗೆ ಅಮೆರಿಕಕ್ಕೆ ಮರಳಲಿ ಅಂತ ಆದೇಶವಾಯಿತು. ತೀರ್ಪನ್ನು ಒಪ್ಪಬಹುದು, ಬಿಡಬಹುದು. ನಾನು ಹೇಳೋದು, ಒಂದು ಮಗು ಯಾವ ದೇಶದಲ್ಲಿರಬೇಕು ಅನ್ನೋ ಪ್ರಶ್ನೆಗೆ ಪುಟಗಟ್ಟಲೆ ಯೋಚನೆ ಮಾಡೋ ಶಕ್ತಿ ನಮ್ಮ ವ್ಯವಸ್ಥೆಗೆ ಇದೆ. ಅದು ನಮ್ಮಂಥವರ ಮಗುವಿಗೆ ದಕ್ಕುತ್ತದೆ.

ಅದೇ ವ್ಯವಸ್ಥೆ ವಲಸೆ ಅನ್ನೋ ಹಣೆಪಟ್ಟಿ ಅಂಟಿದ ಕೂಡಲೇ ಬದಲಾಗುತ್ತದೆ. ಬೆಂಗಳೂರಿನ ತಾಯಿ, ಪಾಕಿಸ್ತಾನದ ತಂದೆ, ದುಬೈನಲ್ಲಿ ಹುಟ್ಟಿದ ಎರಡು ಮಕ್ಕಳು. ದಾಂಪತ್ಯ ಮುರಿದು ತಾಯಿಯ ಜೊತೆ ಇಲ್ಲಿಗೆ ಬಂದರು. ಭಾರತದ ಪೌರತ್ವ ಬೇಕಾದರೆ ಮೊದಲು ಪಾಕಿಸ್ತಾನದ್ದು ಬಿಡಿ ಅಂತ ನಮ್ಮ ಕಾನೂನು. 21 ತುಂಬೋವರೆಗೆ ಬಿಡೋಕಾಗಲ್ಲ ಅಂತ ಆ ದೇಶದ ಕಾನೂನು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಡೆಡ್‌ಲಾಕ್ ಅಂತೀವಿ. ಕರ್ನಾಟಕ ಹೈಕೋರ್ಟ್ ಆ ಮಕ್ಕಳ ಅರ್ಜಿಯನ್ನು ಒಪ್ಪಲಿಲ್ಲ. 2025ರ ಏಪ್ರಿಲಿನ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಗಳ ವೀಸಾ ರದ್ದಾದಾಗ ಮೈಸೂರಿನ ತಾಯಿಯೊಬ್ಬರ ಮೂವರು ಚಿಕ್ಕ ಮಕ್ಕಳೂ ಆ ಪಟ್ಟಿಗೆ ಬಿದ್ದರು. ತಾಯಿ ಭಾರತೀಯಳು, ಮಕ್ಕಳು ಪಾಕಿಸ್ತಾನಿಗಳು. ಕೇಳಿದ್ದು ಮೇ 15ರವರೆಗೆ ಸಮಯ. ಅದೂ ಸಿಗಲಿಲ್ಲ. ನ್ಯಾಯಾಧೀಶರನ್ನು ನಾನು ದೂರೋದಿಲ್ಲ. ಅವರ ಕೈಗೆ ಶಾಸಕಾಂಗ ಕೊಟ್ಟಿರೋ ತಕ್ಕಡಿಯಲ್ಲಿ ಮಗುವಿಗೆ ತಟ್ಟೆಯೇ ಇಲ್ಲ.

ಹಾಗಂತ ಕರ್ನಾಟಕ ಹೈಕೋರ್ಟ್ ಏನೂ ಮಾಡಿಲ್ಲ ಅಂತಲ್ಲ. 2020ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಬಂಧನದಲ್ಲಿರುವ ವಿದೇಶಿಯರು, ಅವರ ಜೊತೆಗಿನ ಹೆಂಗಸರು ಮಕ್ಕಳ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟರು. ಆದರೆ ಅದು ಮುಖ್ಯವಾಗಿ ಹಿಡಿದಿಟ್ಟಾಗ ಹೇಗೆ ನೋಡಿಕೊಳ್ಳಬೇಕು ಅನ್ನೋದಕ್ಕೆ. ಕಳಿಸಬೇಕಾ ಬೇಡವಾ ಅನ್ನೋ ಹೊತ್ತಿಗೆ ಮಗುವನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

ಈಗ ನಿಮ್ಮ ಆಕ್ಷೇಪಗಳು. ಇವನ್ನು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸಾಕಷ್ಟು ಓದಿದ್ದೇನೆ.

‘ಹಾಗಾದರೆ ಒಂದು ಮಗು ಹೆತ್ತರೆ ಸಾಕು, ಪರ್ಮನೆಂಟ್ ವೀಸಾ ಸಿಕ್ಕಂಗೆ.’ ಇಲ್ಲ ಸ್ವಾಮಿ. ತೂಗೋದು ಬೇರೆ, ಗೆಲ್ಲಿಸೋದು ಬೇರೆ. ಅದೇ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಕಾಂಗೋ ದೇಶದ ದಂಪತಿಯ ಮೇಲ್ಮನವಿ ವಜಾ ಮಾಡಿತು. ಮೂರು ಮಕ್ಕಳಿದ್ದರು. ಮಕ್ಕಳು ಇನ್ನೂ ಚಿಕ್ಕವರು, ಅಪ್ಪ ಅಮ್ಮನ ಜೊತೆಗೇ ಹೋಗುತ್ತಾರೆ, ಅಲ್ಲಿ ಬದುಕೋಕೆ ಸಾಧ್ಯ ಅಂತ ತೂಗಿ ನೋಡಿಯೇ ಕಳಿಸಬಹುದು ಅಂದಿತು. ಮಕ್ಕಳ ಹಿತ ಒಂದು ಪ್ರಮುಖ ಅಂಶ, ಅದೊಂದೇ ಅಂಶ ಅಲ್ಲ ಅಂತ ಅದೇ ತೀರ್ಪಿನಲ್ಲಿದೆ. ನಾನು ಕೇಳ್ತಿರೋದೂ ಅಷ್ಟೇ. ಕಳಿಸಬೇಡಿ ಅಂತಿಲ್ಲ. ಮಗುವನ್ನು ನೋಡಿ ಕಳಿಸಿ ಅಂತಿದ್ದೇನೆ.

‘ದೇಶದ ಭದ್ರತೆ ಗುರೂ.’ ಒಪ್ಪಿದೆ. ಅಪ್ಪ ಭಯೋತ್ಪಾದಕ ಆಗಿದ್ದರೆ ಕೇಸು ಹಾಕಿ, ಜೈಲಿಗೆ ಕಳಿಸಿ. ಆದರೆ ನಾಲ್ಕು ವರ್ಷದ ಮಗುವಿನ ಬಗ್ಗೆ ಒಂದು ಪುಟ ಬರೆದರೆ ಯಾವ ಭದ್ರತೆಗೆ ಧಕ್ಕೆ ಬರುತ್ತದೆ? ಭದ್ರತೆ ಅನ್ನೋದು ಎಲ್ಲ ಫೈಲಿಗೂ ಹೊಡೆಯೋ ರಬ್ಬರ್ ಸ್ಟಾಂಪ್ ಆದರೆ ನಿಜವಾದ ಅಪಾಯ ಯಾವುದು ಅಂತ ಗುರುತಿಸೋಕೂ ಆಗಲ್ಲ.

‘ನಾವು ಕೆನಡಾ ಅಲ್ಲ, ನಮ್ಮಲ್ಲಿ ಜನಸಂಖ್ಯೆ ಎಷ್ಟು ಗೊತ್ತಾ?’ ಗೊತ್ತು. ಆದರೆ ಕೇಂದ್ರ ಗೃಹ ಇಲಾಖೆಯೇ 2025ರ ಮೇನಲ್ಲಿ ಶಂಕಿತರ ಪೌರತ್ವ ಪರಿಶೀಲನೆಗೆ 30 ದಿನದ ಗಡುವು ಕೊಟ್ಟಿದೆ. ಹೇಗೂ ಪರಿಶೀಲನೆ ಮಾಡುತ್ತೀರಲ್ಲ, ಅದರ ಜೊತೆಗೆ ಇನ್ನೊಂದು ಪುಟ ಸೇರಿಸಿ. ಎರಡು ದಿನಕ್ಕೊಂದು ಹೊಸ ಪೋರ್ಟಲ್ ಬಿಡುಗಡೆ ಮಾಡೋ ಸರ್ಕಾರಕ್ಕೆ ಇದೇನು ಹೊರೆ ಅಲ್ಲ.

ಇನ್ನೊಂದು ಲಾಭ ಇದೆ, ಇದನ್ನು ಟೆಸ್ಟಿಂಗ್ ಮಾಡೋರು ಕೂಡಲೇ ಹಿಡಿಯುತ್ತಾರೆ. ಮಗುವಿನ ಬಗ್ಗೆ ಕೇಳೋ ಪ್ರಶ್ನೆಗಳು ಅಧಿಕಾರಿಯ ತಪ್ಪನ್ನೂ ಹಿಡಿದುಕೊಡುತ್ತವೆ. ಮಗು ಎಲ್ಲಿ ಹುಟ್ಟಿತು? ತಾಯಿ ಕಾರ್ಡ್ ಇದೆಯಾ? ಲಸಿಕೆ ಎಲ್ಲಿ ಹಾಕಿಸಿದ್ದು? ಯಾವ ಅಂಗನವಾಡಿ? ಶಾಲೆಯ ಸ್ಯಾಟ್ಸ್ ನಂಬರ್ ಏನು? ಈ ಐದು ಪ್ರಶ್ನೆ ಕೇಳಿದ್ದರೆ ಕರಿಯಮ್ಮನ ಅಗ್ರಹಾರದಲ್ಲಿ ಜೆಸಿಬಿ ಸ್ಟಾರ್ಟ್ ಆಗೋ ಮುಂಚೆಯೇ ಅಲ್ಲಿ ಕನ್ನಡಿಗರಿದ್ದಾರೆ ಅಂತ ಗೊತ್ತಾಗುತ್ತಿತ್ತು. ಬಡವನ ಹತ್ತಿರ ಜಮೀನಿನ ಪಹಣಿ ಇರಲ್ಲ, ಅವನ ಜನ್ಮ ದಾಖಲೆ ಎಲ್ಲೋ ಹಳ್ಳಿಯಲ್ಲಿ ಕಳೆದಿರುತ್ತದೆ. ಮಗುವಿನ ಲಸಿಕೆ ಚೀಟಿ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರುತ್ತದೆ.

ಕೇಳದೆ ಕಳಿಸಿದರೆ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 2025ರ ಜೂನಿನಲ್ಲಿ ದೆಹಲಿಯಲ್ಲಿ ಕೆಲಸ ಮಾಡುತ್ತಿದ್ದ, ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು, ಗಂಡ ಮತ್ತು ಎಂಟು ವರ್ಷದ ಮಗನ ಜೊತೆ ಬಾಂಗ್ಲಾದೇಶಿ ಅಂತ ಹಿಡಿದು ಗಡಿಯಾಚೆ ಕಳಿಸಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಗಡೀಪಾರನ್ನು ರದ್ದು ಮಾಡಿ ವಾಪಸ್ ಕರೆತನ್ನಿ ಅಂತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಡಿಸೆಂಬರಿನಲ್ಲಿ ಮಾನವೀಯ ನೆಲೆಯಲ್ಲಿ ತಾಯಿ ಮಗನನ್ನು ಒಳಗೆ ಬಿಡುತ್ತೇವೆ ಅಂತ ಕೇಂದ್ರ ಒಪ್ಪಿತು. ಆ ಹುಡುಗನ ಐದು ತಿಂಗಳಿಗೆ ಲೆಕ್ಕ ಕೊಡೋರು ಯಾರು? ಕಳಿಸೋ ಮುಂಚೆ ಯೋಚಿಸಬೇಕಿದ್ದ ಮಾನವೀಯ ನೆಲೆ ಕಳಿಸಿದ ಮೇಲೆ ನೆನಪಾಯಿತು.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ದೊಡ್ಡದೇನಲ್ಲ.

ಒಂದು, 18 ತುಂಬದ ಮಗು ಇರೋ ಯಾವ ಕುಟುಂಬವನ್ನು ಕಳಿಸಬೇಕಾದರೂ ಆದೇಶದಲ್ಲಿ ಮಗುವಿನ ಬಗ್ಗೆ ಒಂದು ಭಾಗ ಕಡ್ಡಾಯವಾಗಿರಬೇಕು. ವಯಸ್ಸೆಷ್ಟು, ಇಲ್ಲಿ ಎಷ್ಟು ವರ್ಷ ಇದೆ, ಏನು ಓದುತ್ತಿದೆ, ಯಾವ ಭಾಷೆ ಬರುತ್ತೆ, ಕಾಯಿಲೆ ಇದೆಯಾ, ಅಪ್ಪ ಅಮ್ಮರಲ್ಲಿ ಒಬ್ಬರು ಭಾರತೀಯರಾ, ಆ ಕಡೆ ನೋಡಿಕೊಳ್ಳೋರು ಯಾರು. ಇಷ್ಟೂ ನೋಡಿದ ಮೇಲೂ ಯಾಕೆ ಕಳಿಸುತ್ತಿದ್ದೇವೆ ಅಂತ ಕಾರಣ ಬರೆದು ಅಧಿಕಾರಿ ಸಹಿ ಹಾಕಬೇಕು. ಆನ್‌ಲೈನ್ ಫಾರ್ಮಿನಲ್ಲಿ ಕೆಂಪು ನಕ್ಷತ್ರ ಇರುತ್ತಲ್ಲ, ತುಂಬದಿದ್ದರೆ ಮುಂದಕ್ಕೆ ಹೋಗೋದೇ ಇಲ್ಲ, ಹಾಗೆ.

ಎರಡು, ಆ ವರದಿ ಪೊಲೀಸರೇ ಬರೆಯೋದು ಬೇಡ. ಪ್ರತಿ ಜಿಲ್ಲೆಯಲ್ಲೂ ಬಾಲನ್ಯಾಯ ಕಾಯ್ದೆಯ ಕೆಳಗೆ ಮಕ್ಕಳ ಕಲ್ಯಾಣ ಸಮಿತಿ ಇದೆ. ಮಗುವನ್ನು ಭೇಟಿಯಾಗಿ ಮಾತಾಡಿಸಿ ವರದಿ ಕೊಡೋದು ಅವರ ಕೆಲಸ ಆಗಲಿ.

ಮೂರು, ಆದೇಶದ ಪ್ರತಿಯನ್ನು ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಕೊಟ್ಟು, ಮೇಲ್ಮನವಿಗೆ ಸಮಯ ಕೊಡಬೇಕು. ಅದು ಇತ್ಯರ್ಥ ಆಗೋವರೆಗೆ ರೈಲು ಹತ್ತಿಸಬಾರದು. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವಿದೆ. ಅಲ್ಲೂ ಪೌರತ್ವ ಕೇಳಿಲ್ಲ.

ಮೊದಲನೆಯದಕ್ಕೂ ಮೂರನೆಯದಕ್ಕೂ ಸಂಸತ್ತು ಬೇಕಾಗಬಹುದು. ಎರಡನೆಯದನ್ನು ನಮ್ಮ ರಾಜ್ಯ ಸರ್ಕಾರವೇ ಒಂದು ಸುತ್ತೋಲೆಯಲ್ಲಿ ಶುರು ಮಾಡಬಹುದು. ಹಿಡಿಯೋದು ನಮ್ಮ ಪೊಲೀಸರು, ಸಮಿತಿ ನಮ್ಮದು, ಶಾಲೆಯ ದಾಖಲೆಯೂ ನಮ್ಮದೇ. ಎಲ್ಲದಕ್ಕೂ ದೆಹಲಿ ಕಡೆ ಕೈ ತೋರಿಸೋ ಅಗತ್ಯ ಇಲ್ಲ.

ನಮ್ಮ ಪಾಲಿನದ್ದೂ ಇದೆ. ‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ನೋಡಿ ಕಣ್ಣೊರೆಸಿಕೊಂಡವರು ನಾವು. ಅಮೆರಿಕದಲ್ಲಿ 21 ತುಂಬೋ ಮಕ್ಕಳಿಗಾಗಿ 2021ರಲ್ಲಿ ಅಲ್ಲಿನ ಸಂಸತ್ತಿಗೆ ಮಸೂದೆ ಬಂದಾಗ ಲಿಂಕ್ ಶೇರ್ ಮಾಡಿದವರು. ಇನ್ನೊಂದು ಸಲ ಗ್ರೂಪಿನಲ್ಲಿ ಯಾರೋ ಶೆಡ್‌ಗಳ ವಿಡಿಯೋ ಹಾಕಿ ‘ಇವರನ್ನೆಲ್ಲ ಓಡಿಸಬೇಕು’ ಅಂದಾಗ ಕೈ ಮುಗಿಯೋ ಇಮೋಜಿ ಹಾಕೋ ಬದಲು, ಅಲ್ಲಿ ಮಕ್ಕಳೆಷ್ಟಿದ್ದಾರೆ, ಯಾವ ಶಾಲೆಗೆ ಹೋಗುತ್ತಾರೆ ಅಂತ ಕೇಳಿ. ಕೆಲಸದವಳಿಗೆ ಪೊಲೀಸರು ಕಾಗದ ಕೇಳಿದ್ದಾರೆ ಅಂತ ಗೊತ್ತಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಳಾಸ ಹುಡುಕಿ ಕೊಡಿ. ನಿಮ್ಮ ಶಾಸಕರು ಅಪಾರ್ಟ್‌ಮೆಂಟಿಗೆ ವೋಟು ಕೇಳೋಕೆ ಬಂದಾಗ ಕಾವೇರಿ ನೀರು, ಕಸ, ಟ್ರಾಫಿಕ್ ಜೊತೆಗೆ ಇದನ್ನೂ ಕೇಳಿ.

ಡಲ್ಲಾಸಿನಲ್ಲಿ ಇರೋ ಅಣ್ಣನ ಮಗಳ ಪರವಾಗಿ ನಾವು ಕೇಳೋ ನ್ಯಾಯ ಪೂರ್ತಿ ಸರಿಯಾದದ್ದು. ಅದನ್ನು ಕೇಳುತ್ತಲೇ ಇರೋಣ. ಆದರೆ ಅದೇ ನ್ಯಾಯವನ್ನು ಕುಂದಲಹಳ್ಳಿಯ ತಗಡಿನ ಶೆಡ್ಡಿನ ಮಗುವಿಗೆ ಕೊಡದವರ ಮಾತನ್ನು ಹೊರಗಿನವರು ಯಾಕೆ ಕೇಳಬೇಕು?